ಪೆಟ್ರೋಲಿನ ತಪ್ಪು ಯಾರ ತಲೆಗೆ

ಮಂಗಳೂರಿನ ಕೊಟ್ಟಾರದಲ್ಲಿ ಹೆದ್ದಾರಿಯ ಬದಿಗಿದ್ದ ಒಂದು ಕಾರು ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ನನ್ನ ದುಡಿಮೆಯ ಬಹುಭಾಗ ಕಳೆಯಿತು. ಟೆಲಿಫೋನ್ ಎತ್ತುವವಳಾಗಿ ಸೇರಿದೆ, ಸರ್ವಿಸ್ ಅಡ್ವೈಸರ್ ಆಗಿ ನಿವೃತ್ತಳಾದೆ. ನಡುವೆ ಏನೇನಾದೆ ಎಂಬುದು ಯಾರಿಗೂ ಬೇಡದ ವಿಷಯ. ಈಗ ಅದೇ ಕೌಂಟರಿಗೆ ಹೊಸಬರು ಬಂದಿದ್ದಾರೆ. ಅವರಲ್ಲಿ ಕೆಲವರು ದಾರಿಯಲ್ಲಿ ಸಿಕ್ಕಿದರೆ, "ವಾರಿಜಕ್ಕ, ಕಸ್ಟಮರ್ ಬೊಬ್ಬೆ ಹೊಡೆದ್ರೆ ಎಂತ ಮಾಡುದು?" ಎಂದು ಕೇಳುತ್ತಾರೆ. ಬೊಬ್ಬೆ ಹೊಡೆಯುವವರ ಭಯ ಬೇಡ, ಅವರು ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ. ಬಾಯಿ ಮುಚ್ಚಿಕೊಂಡು, ತಪ್ಪೆಲ್ಲ ತನ್ನದೇ ಎಂದುಕೊಂಡು ಮನೆಗೆ ಹೋಗುವವರನ್ನು ನೋಡಿಕೊಳ್ಳಿ ಎನ್ನುತ್ತೇನೆ. ಯಾಕೆ ಹಾಗೆ ಹೇಳುತ್ತೇನೆ ಎಂಬುದನ್ನು ಬರೆಯಲು ಕೂತಿದ್ದೇನೆ. ಬರೆಯುವಾಗಲೂ ಸಿಟ್ಟು ಇಳಿದಿಲ್ಲ.

ನಾನು ಕೌಂಟರಿಗೆ ಬಂದ ಕಾಲದಲ್ಲಿ ಆ ಜಾಗದಲ್ಲಿ ಹೆಂಗಸರು ಇರುತ್ತಿರಲಿಲ್ಲ. "ಮೆಕ್ಯಾನಿಕ್ ಯಾರೂ ಇಲ್ವಾ? ನಿಮ್ಮತ್ರ ಹೇಳಿ ಎಂತ ಆಗ್ಲಿಕ್ಕುಂಟು?" ಎಂದು ಮುಖಕ್ಕೆ ಹೊಡೆದಂತೆ ಕೇಳಿದವರಿದ್ದರು. ನಾನು ಅವರು ಹೇಳಿದ್ದನ್ನು ಹಾಗೇ ಕೇಳಿಸಿಕೊಂಡು ನಮ್ಮ ಫೋರ್‌ಮನ್ ಉಮೇಶಣ್ಣನಿಗೆ ದಾಟಿಸುತ್ತಿದ್ದೆ. ಒಬ್ಬರ ಕಾರು ಕೆಮ್ಮುತ್ತಿತ್ತು, ಇನ್ನೊಬ್ಬರದು ಏರಿನಲ್ಲಿ ಮುನಿಸಿಕೊಳ್ಳುತ್ತಿತ್ತು, ಒಬ್ಬ ಟೀಚರ ಕಾರಿಗೆ ಬಿಕ್ಕಳಿಕೆ. ಉಮೇಶಣ್ಣ ಆ ಮಾತುಗಳಿಂದಲೇ ಅರ್ಧ ರೋಗ ಹಿಡಿಯುತ್ತಿದ್ದ. ಕಾರ್ಬ್ಯುರೇಟರ್ ಹೋಗಿ ಕಾರಿಗೆ ಕಂಪ್ಯೂಟರ್ ಬಂದ ಮೇಲೆ ಈ ಭಾಷೆಗೆ ಬೆಲೆ ಇಲ್ಲದಾಯಿತು. ಸ್ಕ್ಯಾನರ್ ಚುಚ್ಚುವುದು, ಅದರಲ್ಲಿ ದೋಷದ ಕೋಡ್ ಬಂದರೆ ರೋಗ, ಬರದಿದ್ದರೆ ಆರೋಗ್ಯ. "ಕೋಡ್ ಇಲ್ಲದಿದ್ರೆ ಕಂಪ್ಲೇಂಟೇ ಇಲ್ಲ ವಾರಿಜಾ, ಕಳಿಸಿಬಿಡಿ" ಎನ್ನುವುದು ನಮ್ಮ ವರ್ಕ್ಸ್ ಮ್ಯಾನೇಜರ್ ಪದ್ಮನಾಭ ಸರ್ ಅವರ ಮಾತಾಗಿತ್ತು. ಅವರು ಕೆಟ್ಟ ಮನುಷ್ಯರಲ್ಲ, ಹೆದರುವ ಮನುಷ್ಯರು. ಕಾರು ಕಂಪನಿಯ ಕಡೆಯಿಂದ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಿದ್ದರು.

ಪೆಟ್ರೋಲಿಗೆ ಎಥನಾಲ್ ಬೆರೆಸುವುದು ಹೊಸತೇನಲ್ಲ. ಮೊದಲು ಸ್ವಲ್ಪ, ಆಮೇಲೆ ಹತ್ತು ಪಾಲು, ಕೊನೆಗೆ ನೂರರಲ್ಲಿ ಇಪ್ಪತ್ತು ಪಾಲು. ಕಬ್ಬು, ಜೋಳ, ಅಕ್ಕಿಯಿಂದ ಮಾಡುವ ಸ್ಪಿರಿಟು ಅದು. ಅದರ ಮೇಲೆ ನನಗೆ ದ್ವೇಷವಿಲ್ಲ. ಅದಕ್ಕೆಂದೇ ಮಾಡಿದ ಹೊಸ ಕಾರುಗಳು ಅದರಲ್ಲಿ ಚೆನ್ನಾಗಿಯೇ ಓಡುತ್ತವೆ, ನಾನೇ ನೋಡಿದ್ದೇನೆ. ನನ್ನ ಸಿಟ್ಟು ಬೇರೆ. ಹತ್ತು ಪಾಲಿಗೆಂದು ಮಾಡಿ ಮಾರಿದ ಕಾರುಗಳು ಊರು ತುಂಬ ಓಡುತ್ತಿರುವಾಗ, ಬಂಕ್‌ಗಳಲ್ಲಿ ಇಪ್ಪತ್ತು ಪಾಲಿನದಷ್ಟೇ ಸಿಗುವ ಹಾಗೆ ಮಾಡಿ, ಕಾರಿನವರಿಗೆ ಒಂದು ಮಾತು ನೆಟ್ಟಗೆ ಹೇಳಲಿಲ್ಲ. ನಮಗೂ ಹೇಳಲಿಲ್ಲ. ಹೊಸ ಮಾಡೆಲಿನ ಕಾರು ಬಂದರೆ ಹೋಟೆಲಿನಲ್ಲಿ ಊಟ ಹಾಕಿಸಿ ಟ್ರೈನಿಂಗ್ ಕೊಡುವ ಕಂಪನಿ, ಕಾರಿನ ಹೊಟ್ಟೆಗೆ ಹೋಗುವ ವಸ್ತುವೇ ಬದಲಾದಾಗ ಒಂದು ಗಂಟೆಯ ಪಾಠ ಮಾಡಲಿಲ್ಲ.

ನಾವು ಕಲಿತದ್ದು ಗ್ರಾಹಕರ ಸಂಕಟದಿಂದ. ಕಾವೂರಿನ ಹರೀಶ ಎಂಬವರು ಗಲ್ಫ್‌ನಲ್ಲಿ ಕೆಲಸಕ್ಕಿದ್ದವರು. ರಜೆಯಲ್ಲಿ ಬಂದಾಗ ಓಡಿಸಲೆಂದು ಇಟ್ಟ ಕಾರು ಇಡೀ ಮಳೆಗಾಲ ಮನೆಯ ಪಕ್ಕದ ಶೀಟಿನ ಕೆಳಗೆ ನಿಂತಿತ್ತು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತೇನೆ ಎಂದಿದ್ದ ಭಾವ ಮಾಡಿರಲಿಲ್ಲ. ತಂಗಿಯ ನಿಶ್ಚಿತಾರ್ಥಕ್ಕೆಂದು ಬಂದ ಹರೀಶರು ಕೀ ತಿರುಗಿಸಿದರೆ ಕಾರು ಅಲುಗಲಿಲ್ಲ. ಎಳೆದುಕೊಂಡು ತಂದರು. ಉಮೇಶಣ್ಣ ಟ್ಯಾಂಕಿನಿಂದ ಒಂದಿಷ್ಟು ಪೆಟ್ರೋಲ್ ತೆಗೆದು ಗಾಜಿನ ಬಾಟಲಿಗೆ ಹಾಕಿ ಕಿಟಕಿಯ ಹತ್ತಿರ ಇಟ್ಟ. ಸ್ವಲ್ಪ ಹೊತ್ತಿಗೆ ಅದು ಎರಡಾಯಿತು. ಮೇಲೆ ಪೆಟ್ರೋಲು, ಕೆಳಗೆ ಗಂಜಿ ತಿಳಿಯ ಹಾಗೆ ಮಬ್ಬು ಮಬ್ಬಾದ ನೀರು.

"ಬಂಕ್‌ನವರು ನೀರು ಬೆರೆಸಿದ್ದು ಅಂತ ಹೇಳಿ ಕಳಿಸಿ" ಎಂದರು ಪದ್ಮನಾಭ ಸರ್. ನಾನು ಹೇಳುವ ಮೊದಲೇ ಅವರೇ ಹೊರಗೆ ಹೋಗಿ ಹೇಳಿಬಿಟ್ಟರು. ಹರೀಶರು ಬಂಕಿಗೆ ಹೋಗಿ ಜಗಳ ತೆಗೆದರು. ಬಂಕ್‌ನವರು ನೀರು ತಾಗಿದರೆ ಬಣ್ಣ ಬದಲಾಗುವ ಪೇಸ್ಟನ್ನು ಕೋಲಿಗೆ ಹಚ್ಚಿ, ನೆಲದಡಿಯ ಟ್ಯಾಂಕಿಗೆ ಇಳಿಸಿ, ಒಂದು ಹನಿ ನೀರಿಲ್ಲ ಎಂದು ತೋರಿಸಿ ಕಳಿಸಿದರು. ಹರೀಶರು ಮತ್ತೆ ಕೌಂಟರಿಗೆ ಬಂದರು, ಕೆಂಪಾಗಿದ್ದರು.

"ಅವ್ರು ನೀರಿಲ್ಲ ಅಂತಾರೆ, ನೀವು ನೀರುಂಟು ಅಂತೀರಿ. ಹಾಗಾದ್ರೆ ನಾನು ದುಬಾಯಿಯಿಂದ ಬಂದು ಹಾಕಿದ್ದಾ ಮಾರಾಯ್ರೆ?"

ಉಮೇಶಣ್ಣನೇ ಬಿಡಿಸಿ ಹೇಳಿದ. ಹಿಂದಿನ ಪೆಟ್ರೋಲಿನಲ್ಲಿ ಮುಚ್ಚಳದ ಸಂದಿನಿಂದ ನಾಲ್ಕು ಹನಿ ನೀರು ಹೋದರೂ ತಳದಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಎಥನಾಲ್ ಹಾಗಲ್ಲ, ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹಿಡಿದುಕೊಳ್ಳಲಾಗದಷ್ಟಾದಾಗ ನೀರಿನ ಜೊತೆ ತಾನೂ ಕೆಳಗಿಳಿಯುತ್ತದೆ. ಪಂಪು ಮೊದಲು ಹೀರುವುದು ಅದನ್ನೇ. ನಮ್ಮ ಊರಿನ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಸವೆದ ಮುಚ್ಚಳದ, ತಿಂಗಳುಗಟ್ಟಲೆ ನಿಂತ ಕಾರಿನ ಕಥೆ ಏನು ಹೇಳುವುದು.

ಹರೀಶರು ಪೂರ್ತಿ ಕೇಳಿ, "ಇಷ್ಟು ಗೊತ್ತುಂಟಲ್ಲ ನಿಮ್ಗೆ. ಕಳೆದ ಸಲ ಸರ್ವಿಸಿಗೆ ಬಿಟ್ಟಾಗ ಒಂದು ಮಾತು ಹೇಳ್ಲಿಕ್ಕೆ ಎಂತ ರೋಗ?" ಎಂದರು. ಮರುದಿನ ನಾನು ಒಂದು ಹಾಳೆಯಲ್ಲಿ, 'ಕಾರನ್ನು ಬಹಳ ಕಾಲ ನಿಲ್ಲಿಸಿ ಹೋಗುವವರು ನಮ್ಮಲ್ಲಿ ಒಮ್ಮೆ ಕೇಳಿ ಹೋಗಿ' ಎಂದು ದಪ್ಪಕ್ಷರದಲ್ಲಿ ಬರೆದು ಕೌಂಟರಿಗೆ ಅಂಟಿಸಿದೆ. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಅದು ಇರಲಿಲ್ಲ. "ಕಂಪನಿಯಿಂದ ಬಂದದ್ದು ಮಾತ್ರ ಹಾಕ್ಲಿಕ್ಕೆ ವಾರಿಜಾ. ಸುಮ್ನೆ ಜನರನ್ನು ಹೆದರಿಸ್ಬೇಡಿ" ಎಂದರು ಪದ್ಮನಾಭ ಸರ್.

ಜನರನ್ನು ಹೆದರಿಸಬಾರದು ಎಂದ ಅವರೇ ಕೆಲವೇ ವಾರಗಳಲ್ಲಿ ಕೌಂಟರಿನ ಮೇಲೆ ಸಣ್ಣ ಸಣ್ಣ ಬಾಟಲಿಗಳನ್ನು ಸಾಲಾಗಿ ಇರಿಸಿದರು. ಟ್ಯಾಂಕಿಗೆ ಸುರಿಯುವ ಔಷಧ. ಎಥನಾಲಿನಿಂದ ರಕ್ಷಣೆ ಎಂದು ಅದರ ಮೇಲೆ ಬರೆದಿತ್ತು. ಎಥನಾಲಿನಿಂದ ತೊಂದರೆ ಉಂಟು ಎಂದು ಬಾಯಿಬಿಟ್ಟು ಹೇಳಬಾರದು, ಆದರೆ ಪ್ರತಿಯೊಬ್ಬರಿಗೂ ಈ ಬಾಟಲಿ ಮಾರಬೇಕು! ಅದಕ್ಕೇ ಹೇಳಿ ಮಾಡಿಸಿದ ಹೊಸ ಕಾರಿನವರಿಗೂ ಮಾರಬೇಕು. ನಾನು ಕೇಳಿದವರಿಗೆ ಕೊಟ್ಟೆ, ಕೇಳದವರಿಗೆ ಹೇಳಲಿಲ್ಲ. ಪಕ್ಕದ ಕೌಂಟರಿನವರ ಬಾಟಲಿಗಳು ಖಾಲಿಯಾದವು, ನನ್ನವು ಧೂಳು ಹಿಡಿದವು. ಮೀಟಿಂಗಿನಲ್ಲಿ ನನಗೆ ಬೈಗುಳವೂ ಸಿಕ್ಕಿತು.

ಇನ್ನೊಂದು ಕಡೆಯ ಮಾತೂ ಹೇಳಬೇಕು. ಎಲ್ಲ ಸಮಸ್ಯೆಗೂ ಎಥನಾಲೇ ಕಾರಣ ಎಂದು ಕುಣಿಯುವವರೂ ಬಂದರು. ಒಬ್ಬ ವಕೀಲರು ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ಪಂಡಿತರಾಗಿದ್ದರು. ಕಾರು ಮಧ್ಯೆ ಮಧ್ಯೆ ನಿಲ್ಲುತ್ತದೆ, ಸರಕಾರದ ಮೇಲೂ ಬಂಕ್ ಮೇಲೂ ನಿಮ್ಮ ಮೇಲೂ ಕೇಸು ಹಾಕುತ್ತೇನೆ ಎಂದು ಕೌಂಟರ್ ಕುಟ್ಟಿದರು. ಉಮೇಶಣ್ಣ ಬಾನೆಟ್ ಎತ್ತಿ ಅವರನ್ನು ಕರೆದ. ಒಳಗೆ ಇಲಿ ಗೂಡು ಕಟ್ಟಿತ್ತು, ವಯರುಗಳ ಪ್ಲಾಸ್ಟಿಕ್ ತಿಂದು ತಂತಿ ಬೆತ್ತಲೆ ಮಾಡಿತ್ತು. "ಇದ್ರ ಮೇಲೆ ಕೇಸು ಹಾಕ್ಲಿಕ್ಕಾಗ್ತದಾ ಸರ್?" ಎಂದ ಉಮೇಶಣ್ಣ. ವಕೀಲರೂ ನಕ್ಕರು. ಹೊಸಬರು ಇದನ್ನೂ ನೆನಪಿಡಬೇಕು. ನೋಡದೆ ಎಥನಾಲ್ ಎನ್ನುವುದೂ, ನೋಡದೆ ಎಥನಾಲ್ ಅಲ್ಲ ಎನ್ನುವುದೂ ಒಂದೇ ಜಾತಿಯ ಸೋಮಾರಿತನ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ.

ಜೆಪ್ಪುವಿನಲ್ಲಿ ಲವೀನಾ ಎಂಬವಳು ಹೆಂಗಸರಿಗಾಗಿ ಒಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಾಳೆ. ಗಟ್ಟಿ ಹೆಂಗಸು, ಜೋರು ಬಾಯಿ. ಅವಳಿಗಿದ್ದದ್ದು ಒಂದೇ ಒಂದು ಸಣ್ಣ ಕಾರು, ಇಪ್ಪತ್ತು ಪಾಲಿನ ಪೆಟ್ರೋಲ್ ಬರುವುದಕ್ಕಿಂತ ಮೊದಲು ಕೊಂಡದ್ದು. ಕಲಿಸುವವಳ ಕಾಲ ಬಳಿಯೂ ಕ್ಲಚ್ಚು, ಬ್ರೇಕು ಜೋಡಿಸಿದ ಕಾರು. ಅದನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದಳು. ಹೆಚ್ಚುವರಿ ವಾರಂಟಿಯನ್ನೂ ಕೊಂಡಿದ್ದಳು. ಒಂದು ದಿನ ಮಾಮೂಲಿ ಸರ್ವಿಸಿಗೆ ಬಂದವಳು ನನ್ನ ಮುಂದೆ ಕೂತು ನಿಟ್ಟುಸಿರು ಬಿಟ್ಟಳು.

"ಗಾಡಿ ಸರಿ ಉಂಟು ವಾರಿಜಕ್ಕ. ಈಗಿನ ಸ್ಟೂಡೆಂಟ್ಸೇ ಸರಿ ಇಲ್ಲ. ಫಸ್ಟ್ ಗೇರಲ್ಲಿ ಎಲ್ರೂ ಆಫ್ ಮಾಡ್ತಾರೆ. ಕ್ಲಚ್ ಹೇಳಿಕೊಟ್ಟು ಹೇಳಿಕೊಟ್ಟು ನನ್ನ ಗಂಟ್ಲು ಹೋಯ್ತು."

"ಎಲ್ರೂ?" ಎಂದೆ ನಾನು.

"ಎಲ್ರೂ. ಅದೂ ಎಸಿ ಹಾಕಿ, ಟ್ರಾಫಿಕ್ಕಲ್ಲಿ ಸಿಕ್ಕಿದ್ರೆ ಮುಗೀತು."

ಕಲಿಯುವವರಲ್ಲಿ ಒಬ್ಬಿಬ್ಬರು ಹಾಗೆ ಮಾಡಬಹುದು. ಎಲ್ಲರೂ ಹೇಗೆ ಮಾಡುತ್ತಾರೆ? ಲವೀನಾ ಮನೆಯಿಂದ ಸ್ಕೂಲಿಗೆ ಬರುವುದು ಸ್ಕೂಟರಿನಲ್ಲಿ. ಕಾರನ್ನು ಅವಳು ತಾನೇ ಓಡಿಸುವುದು ಬೆಳಿಗ್ಗೆ ಶೆಡ್ಡಿನಿಂದ ಹೊರಗೆ ತರುವಷ್ಟು ಮಾತ್ರ, ಇಂಜಿನ್ ತಣ್ಣಗಿರುವಾಗ. ಸ್ಕ್ಯಾನರ್ ಹಾಕಿದರು, ಕೋಡ್ ಬರಲಿಲ್ಲ. ಪದ್ಮನಾಭ ಸರ್ ಕಳಿಸಿಬಿಡಿ ಎಂದರು. ನಾನು ಲವೀನಾಳಿಗೆ, "ಬಾ, ನೀನೇ ಓಡಿಸು, ನಾನು ಪಕ್ಕದಲ್ಲಿ ಕೂತ್ಕೊಳ್ತೇನೆ" ಎಂದೆ.

ಸುಡುಸುಡು ಮಧ್ಯಾಹ್ನ. ಎಸಿ ಹಾಕಿ ಉರ್ವಸ್ಟೋರ್‌ವರೆಗೆ ಹೋಗಿ ಬಂದೆವು. ಏನೂ ಆಗಲಿಲ್ಲ. ಲವೀನಾ ಗೆದ್ದವಳಂತೆ ನನ್ನನ್ನು ನೋಡಿದಳು. ಕೊಟ್ಟಾರ ಚೌಕಿಯಲ್ಲಿ ಫ್ಲೈಓವರಿನ ಕೆಳಗೆ ವಾಹನಗಳು ನಿಂತವು, ನಾವೂ ನಿಂತೆವು. ಮುಂದಿನ ಲಾರಿ ಹೊರಟಿತು. ಲವೀನಾ ಗೇರು ಹಾಕಿ ಕ್ಲಚ್ ಬಿಟ್ಟಳು. ಕಾರು ಒಮ್ಮೆ ನಡುಗಿ ಸತ್ತಿತು. ಮತ್ತೆ ಸ್ಟಾರ್ಟ್ ಮಾಡಿದಳು, ಎರಡು ಮಾರು ಹೋಗಿ ಮತ್ತೆ ಸತ್ತಿತು. ಹಿಂದೆ ಸಿಟಿ ಬಸ್ಸಿನವನು ಹಾರ್ನಿನ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಬೈಕಿನ ಒಬ್ಬ ಕಿಟಕಿಯ ಹತ್ತಿರ ಬಂದು, ಬರದಿದ್ದರೆ ಯಾಕೆ ಓಡಿಸುತ್ತೀರಿ ಎಂದು ಹೇಳಿ ಹೋದ. ಊರಿನ ಎಷ್ಟೋ ಹೆಂಗಸರಿಗೆ ಕಾರು ಕಲಿಸಿದವಳಿಗೆ!

"ನಾನು ಕ್ಲಚ್ ಸರಿಯಾಗೇ ಬಿಟ್ಟದ್ದು ವಾರಿಜಕ್ಕ" ಎಂದಳು ಲವೀನಾ. ಆಮೇಲೆ ಮತ್ತೆ ಕೀ ತಿರುಗಿಸಿದಳು. "ಸುಮತಿ ಕೂಡ ಇದನ್ನೇ ಹೇಳಿದ್ದು."

ಸುಮತಿ ಯಾರೆಂದು ಅವಳು ಹಿಂದಿರುಗುವ ದಾರಿಯಲ್ಲಿ ಹೇಳಿದಳು. ಜೆಪ್ಪುವಿನಲ್ಲೇ ಇರುವವಳು. ಮನೆಯಲ್ಲಿ ಚಕ್ಕುಲಿ, ಪತ್ರೊಡೆ, ಗೋಳಿಬಜೆಯ ಹಿಟ್ಟು ಮಾಡಿ ಅಂಗಡಿ, ಕ್ಯಾಂಟೀನುಗಳಿಗೆ ಕೊಡುತ್ತಿದ್ದಳು. ಗಂಡ ಮನೆಯ ಹಳೆಯ ವ್ಯಾನಿನಲ್ಲಿ ಮುಟ್ಟಿಸುತ್ತಿದ್ದ. ಅವನ ದೃಷ್ಟಿ ಮಂದವಾಗಿ ವ್ಯಾನ್ ಬಿಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ತಾನೇ ಕಲಿಯುತ್ತೇನೆ ಎಂದು ಲವೀನಾಳ ಹತ್ತಿರ ಬಂದಳು. ಮೊದಮೊದಲು ಚೆನ್ನಾಗಿಯೇ ಕಲಿತಳಂತೆ. ಆಮೇಲೆ ಕಾರು ನಿಲ್ಲತೊಡಗಿತು. ನಂತೂರು ಸರ್ಕಲ್ಲಿನ ನಡುವೆ ಒಮ್ಮೆ ನಿಂತಾಗ ನಾಲ್ಕೂ ದಿಕ್ಕಿನಿಂದ ಹಾರ್ನು, ಬೈಗುಳ. ಪಕ್ಕದಲ್ಲಿ ಕೂತ ಲವೀನಾಳೂ, "ಕಾಲು ನಿಂದಾ, ಬೇರೆಯವ್ರದ್ದಾ?" ಎಂದು ಕಿರುಚಿದಳು. "ನಾನು ಎಂತದೂ ಮಾಡ್ಲಿಲ್ಲ ಮ್ಯಾಡಂ, ಅದೇ ನಿಂತದ್ದು" ಎಂದು ಸುಮತಿ ಅತ್ತಳು. ಲೈಸೆನ್ಸಿನ ಪರೀಕ್ಷೆಯ ದಿನ ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಕಾರು ಮತ್ತೆ ಸತ್ತಿತು. ಇನ್ಸ್‌ಪೆಕ್ಟರು ಇನ್ನೂ ಕಲಿತು ಬನ್ನಿ ಎಂದರು. ಅವಳು ಮತ್ತೆ ಬರಲಿಲ್ಲ.

ಉಮೇಶಣ್ಣ ಹಿಂದಿನ ಸೀಟು ಎತ್ತಿ ಟ್ಯಾಂಕಿನೊಳಗಿನ ಪಂಪ್ ಹೊರತೆಗೆದ. ಅದರ ಬಾಯಿಯ ಜಾಲರಿ ಕಂದು ಕೆಸರಿನಿಂದ ಮುಚ್ಚಿಹೋಗಿತ್ತು. ಎಥನಾಲ್ ಟ್ಯಾಂಕಿನ ಹಳೆಯ ಕೊಳೆಯನ್ನೆಲ್ಲ ಕರಗಿಸಿ ತಂದು ಅಲ್ಲಿ ಕೂರಿಸಿತ್ತು. ಒಳಗಿನ ರಬ್ಬರಿನ ಪೈಪು ಉಬ್ಬಿ, ಉಗುರಿನಲ್ಲಿ ಗೀರಿದರೆ ಕರಿಯ ಚೂರು ಏಳುತ್ತಿತ್ತು. ತಣ್ಣಗಿರುವಾಗ ಹೇಗೋ ಸಾಗುತ್ತಿತ್ತು. ಬಿಸಿಯಾಗಿ, ಎಸಿಯೂ ಸೇರಿ ಹೆಚ್ಚು ಪೆಟ್ರೋಲ್ ಬೇಕಾದಾಗ ಪಂಪಿಗೆ ಉಸಿರು ಸಾಲುತ್ತಿರಲಿಲ್ಲ. ಈ ಕಾರಿನ ಪೆಟ್ರೋಲ್ ಮುಚ್ಚಳದ ಒಳಗೆ ಕಂಪನಿಯವರೇ ಅಂಟಿಸಿದ ಸ್ಟಿಕ್ಕರ್ ಇತ್ತು, ಹತ್ತು ಪಾಲಿನವರೆಗೆ ಎಂದು.

ವಾರಂಟಿಯಲ್ಲಿ ಪಂಪ್ ಬದಲಿಸಬೇಕೆಂದು ಕೇಳಿದೆವು. ಕಂಪನಿಯ ಏರಿಯಾ ಮ್ಯಾನೇಜರ್ ಬೆಂಗಳೂರಿನಿಂದ ಆ ವಾರ ಬಂದಿದ್ದರು. ನೋಡಿದ ಕೂಡಲೇ, "ಇದು ಕಲಬೆರಕೆ ಪೆಟ್ರೋಲ್ ಮೇಡಂ. ಕಸ್ಟಮರ್ ತಪ್ಪು. ವಾರಂಟಿ ಬರಲ್ಲ, ಹೇಳಿಬಿಡಿ" ಎಂದರು.

"ಕಲಬೆರಕೆ ಅಲ್ಲ ಸರ್. ಬಂಕ್‌ನಲ್ಲಿ ಎಲ್ರಿಗೂ ಕೊಡುವ ಪೆಟ್ರೋಲೇ. ಪೇಪರಲ್ಲಿ ನೀವು ಇಪ್ಪತ್ತರ ಪೆಟ್ರೋಲ್ ಹಾಕಿದ್ರೂ ವಾರಂಟಿ ಕೊಡ್ತೇವೆ ಅಂತ ಹೇಳಿದ್ದೀರಲ್ಲ?"

"ಪೇಪರ್ ಬೇರೆ, ಕ್ಲೈಮ್ ಬೇರೆ. ಒಂದೊಂದು ಗಾಡಿ ನೋಡಿ ತೀರ್ಮಾನ ಮಾಡೋದು. ನೀವು ಎಥನಾಲ್ ಅನ್ನೋ ಮಾತೇ ಎತ್ತಬೇಡಿ."

ಪದ್ಮನಾಭ ಸರ್ ನೆಲ ನೋಡುತ್ತಿದ್ದರು. ನನಗೆ ಮೈ ಉರಿಯಿತು. "ಆ ಸುಳ್ಳು ನಾನು ಹೇಳುದಿಲ್ಲ ಸರ್. ಅವ್ಳು ಹೊರಗೆ ಕೂತಿದ್ದಾಳೆ. ನೀವೇ ಬಂದು ಹೇಳಿ" ಎಂದೆ. ಅವರು ಬಂದರು. ಟೈ ಸರಿ ಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು. ಲವೀನಾ ಪೂರ್ತಿ ಕೇಳಿಸಿಕೊಂಡಳು.

"ಸರ್, ನಿಮ್ಮ ಸ್ಟಿಕ್ಕರ್ ಹತ್ತು ಹೇಳ್ತದೆ. ಬಂಕಲ್ಲಿ ಸಿಗುದು ಇಪ್ಪತ್ತು. ನಾನು ಎಂತ ಹಾಕ್ಬೇಕಿತ್ತು? ಮಂಗಳೂರಲ್ಲಿ ಹತ್ತರ ಪೆಟ್ರೋಲ್ ಕೊಡುವ ಒಂದು ಬಂಕ್ ಹೆಸರು ಹೇಳಿ, ಈಗ್ಲೇ ಹೋಗಿ ಹಾಕಿಸ್ತೇನೆ."

ಅಂಥ ಬಂಕ್ ಊರಿನಲ್ಲಿ ಇರಲಿಲ್ಲ. ಹೊರಗಿನ ಹಾಲ್‌ನಲ್ಲಿ ಕಾಯುತ್ತ ಕೂತಿದ್ದ ಇತರ ಗ್ರಾಹಕರು ಚಹಾದ ಕಪ್ ಕೆಳಗಿಟ್ಟು ಇತ್ತ ತಿರುಗಿದ್ದರು. ಅದನ್ನು ಕಂಡು ಏರಿಯಾ ಮ್ಯಾನೇಜರರ ದನಿ ಇಳಿಯಿತು. ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದು, ಅರ್ಧ ಖರ್ಚು ಕಂಪನಿ ಹಾಕುತ್ತದೆ, ಗುಡ್‌ವಿಲ್ ಎಂದರು. ಈ ಗುಡ್‌ವಿಲ್ ಎಂಬ ಮಾತನ್ನು ಹೊಸಬರು ಚೆನ್ನಾಗಿ ತಿಳಿದುಕೊಳ್ಳಿ. ನಮ್ಮದೇನೂ ತಪ್ಪಿಲ್ಲ, ನಿನ್ನ ಮೇಲೆ ಕನಿಕರಪಟ್ಟು ಕೊಡುತ್ತಿದ್ದೇವೆ, ಇನ್ನು ಬಾಯಿ ಮುಚ್ಚು ಎಂದು ಅದರ ಅರ್ಥ. ಲವೀನಾ ಒಪ್ಪಿಕೊಂಡಳು. ಬೇಡ, ಹೋರಾಡು ಎಂದು ಹೇಳಬೇಕೆನಿಸಿತ್ತು ನನಗೆ. ಆದರೆ ಕಾರು ನಿಂತರೆ ಅವಳ ಒಲೆ ನಿಲ್ಲುತ್ತದೆ. ನನ್ನ ಸಿಟ್ಟಿಗೆ ಅವಳ ಅನ್ನವನ್ನು ಸೌದೆ ಮಾಡುವ ಹಾಗಿರಲಿಲ್ಲ.

ಕಾರು ಸರಿಯಾಯಿತು. ಒಯ್ಯಲು ಬಂದ ದಿನ ನಾನು, "ಸುಮತಿಗೆ ಹೇಳಿದಿಯಾ?" ಎಂದೆ.

"ಫೋನ್ ಮಾಡ್ತೇನೆ."

"ಫೋನಲ್ಲಿ ಬೈದದ್ದಾ ನೀನು? ಎದುರಲ್ಲಿ ಬೈದದ್ದಲ್ವಾ?"

ಲವೀನಾ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಪಕ್ಕದ ಬಾಗಿಲು ತೆಗೆದು, "ನೀವೂ ಬನ್ನಿ ಹಾಗಾದ್ರೆ" ಎಂದಳು.

ಜೆಪ್ಪುವಿನ ಒಂದು ಓಣಿಯ ಕೊನೆಯಲ್ಲಿ ಸುಮತಿಯ ಮನೆ. ನಾವು ಹೋದಾಗ ಪತ್ರೊಡೆಗೆಂದು ಕೆಸುವಿನೆಲೆಗೆ ಹಿಟ್ಟು ಹಚ್ಚುತ್ತಿದ್ದಳು. ಸಣ್ಣ ಆಳು, ಸಣ್ಣ ದನಿ. ಗಂಡ ಜಗಲಿಯಲ್ಲಿ ಎಲೆಗಳ ನಾರನ್ನು ಕೈಯಲ್ಲೇ ತಡವಿ ತೆಗೆಯುತ್ತಿದ್ದ. ಲವೀನಾ ಕೂರಲಿಲ್ಲ. ನಿಂತೇ ಹೇಳಿದಳು. "ಕಾರೇ ಹಾಳಿತ್ತು ಸುಮತಿ. ನಿನ್ನ ಕಾಲು ಸರಿ ಇತ್ತು. ನಾನು ಸುಮ್ನೆ ಬೈದೆ." ನಾನು ಪೆಟ್ರೋಲು, ಪಂಪು, ರಬ್ಬರು ಎಲ್ಲ ವಿವರಿಸಿದೆ.

ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವಳ ಕೈ ನಿಂತಿತು. ಮುಖ ಕೆಂಪಾಗುತ್ತ ಬಂತು.

"ನಾನು ರಾತ್ರಿ ಮಲಗಿದ್ರೂ ಕಾಲು ಹೀಗೆ ಹೀಗೆ ಮಾಡಿ ಕಲೀತಿದ್ದೆ ಮ್ಯಾಡಂ. ಇವ್ರು ಕೇಳಿದ್ರೆ, ನನ್ನಿಂದ ಆಗುದಿಲ್ಲ, ನನ್ನ ತಲೆಗೆ ಹೋಗುದಿಲ್ಲ ಅಂತ ನಾನೇ ಹೇಳಿದ್ದು" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಕೇಳಿದ್ರಾ? ಕಾರು ಹಾಳಂತೆ" ಎಂದಳು.

ಗಂಡ ಅಂಗಳದ ಕಡೆ ಮುಖ ಮಾಡಿದ. ಅಲ್ಲಿ ಒಂದು ವಾಹನ ನಿಲ್ಲುವಷ್ಟು ಜಾಗ ಖಾಲಿ ಇತ್ತು. ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ. "ವ್ಯಾನ್ ಕೊಟ್ಟಾಯ್ತಲ್ಲ" ಎಂದ.

ಇವಳಿಂದ ಆಗದು ಎಂದು ತೀರ್ಮಾನಿಸಿ ಅವರು ವ್ಯಾನನ್ನು ಮಾರಿಬಿಟ್ಟಿದ್ದರು. ದೂರದ ಕ್ಯಾಂಟೀನುಗಳನ್ನು ಬಿಟ್ಟು, ಆಟೋದಲ್ಲಿ ಮುಟ್ಟಿಸುವಷ್ಟು ಹತ್ತಿರದ ಅಂಗಡಿಗಳನ್ನು ಮಾತ್ರ ಉಳಿಸಿಕೊಂಡಿದ್ದರು. ಅಲ್ಲಿಯವರೆಗೆ ನಿಂತೇ ಇದ್ದ ಲವೀನಾ ಜಗಲಿಯಲ್ಲಿ ಕೂತಳು. ನನಗೆ ಏರಿಯಾ ಮ್ಯಾನೇಜರರ ಟೈ ಹಿಡಿದು ಆ ಅಂಗಳಕ್ಕೆ ಎಳೆದು ತರಬೇಕೆನಿಸಿತು. ಯೋಚಿಸಿ ನೋಡಿ. ಪೆಟ್ರೋಲ್ ಬದಲಿಸಿದವರು ಕಂಪನಿ ನೋಡಿಕೊಳ್ಳುತ್ತದೆ ಎಂದರು. ಕಂಪನಿ ಕಲಬೆರಕೆ ಎಂದಿತು. ಬಂಕ್‌ನವರು ನಮ್ಮದು ಶುದ್ಧ ಎಂದರು. ನಮ್ಮ ಸರ್ವಿಸ್ ಸೆಂಟರ್ ಕೋಡ್ ಇಲ್ಲ ಎಂದಿತು. ಲವೀನಾ ಕ್ಲಚ್ ಎಂದಳು. ಕೊನೆಗೆ ಆ ತಪ್ಪು ಕೆಳಗಿಳಿದು ಇಳಿದು ಒಬ್ಬಳು ಹೆಂಗಸಿನ ಎಡಗಾಲಿಗೆ ಬಂದು ನಿಂತಿತು. ಅವಳ ಕೆಳಗೆ ದಾಟಿಸಲು ಯಾರೂ ಇರಲಿಲ್ಲ, ಹಾಗಾಗಿ ಅವಳು ಅದನ್ನು ಇಟ್ಟುಕೊಂಡಳು.

ಮರುದಿನ ಇದನ್ನೆಲ್ಲ ಪದ್ಮನಾಭ ಸರ್‌ಗೆ ಹೇಳಿದೆ. "ಪಾಪ" ಎಂದರು. "ಪಾಪ ಅನ್ಲಿಕ್ಕೆ ಅಲ್ಲ ಸರ್ ನಾನು ಹೇಳಿದ್ದು. ಹಳೆ ಗಾಡಿಯವರಿಗೆಲ್ಲ ಫೋನ್ ಮಾಡಿ ಪಂಪ್, ಪೈಪ್ ನೋಡಿಸ್ಕೊಳ್ಳಿ ಅಂತ ಹೇಳುವ" ಎಂದೆ. ಅವರು ಮೇಲಿನಿಂದ ಬರಲಿ ಎಂದರು. ಮೇಲಿನಿಂದ ಬರಲಿಲ್ಲ. ನಾನು ನನ್ನ ಕೌಂಟರಿಗೆ ಬಂದವರಿಗೆಲ್ಲ ಬಾಯಲ್ಲೇ ಹೇಳಿದೆ, ನಿವೃತ್ತಿಯ ದಿನದವರೆಗೂ ಹೇಳಿದೆ. ಬೀಳ್ಕೊಡುಗೆಯಲ್ಲಿ ಪದ್ಮನಾಭ ಸರ್, ವಾರಿಜಾ ಒಳ್ಳೆಯವರು, ಸ್ವಲ್ಪ ಬಾಯಿ ಜಾಸ್ತಿ ಎಂದು ನಗುತ್ತ ಹೇಳಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ.

ಸುಮತಿ ಮತ್ತೆ ಕಲಿಯಲು ಹೋದಳು. ಲವೀನಾ ಅವಳನ್ನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೂರಿಸಿಕೊಂಡು, ನಂತೂರು ಸರ್ಕಲ್ಲಿಗೇ ಮತ್ತೆ ಮತ್ತೆ ಕರೆದುಕೊಂಡು ಹೋದಳಂತೆ. ಪರೀಕ್ಷೆಯಲ್ಲಿ ಏರಿನ ಮೇಲೆ ಕಾರು ಒಂದು ಅಂಗುಲವೂ ಹಿಂದೆ ಜಾರಲಿಲ್ಲ. ಇನ್ಸ್‌ಪೆಕ್ಟರು ಎಷ್ಟು ವರ್ಷದಿಂದ ಓಡಿಸುತ್ತೀರಿ ಎಂದು ಕೇಳಿದರಂತೆ.

ಮೊನ್ನೆ ಮಾರ್ಗದ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಒಂದು ಆಟೋ ನನ್ನ ಮುಂದೆ ನಿಂತಿತು. ಒಳಗೆ ಸುಮತಿ. ಸೀಟಿನ ಮೇಲೆ, ಕಾಲ ಬುಡದಲ್ಲಿ, ಮಡಿಲಲ್ಲಿ ಪತ್ರೊಡೆಯ ಪಾತ್ರೆಗಳು. ಅವುಗಳ ಮಧ್ಯೆ ಅವಳ ಮುಖ ಮಾತ್ರ ಕಾಣುತ್ತಿತ್ತು. "ಹತ್ತಿ ವಾರಿಜಕ್ಕ, ಹೇಗಾದ್ರೂ ಜಾಗ ಮಾಡ್ತೇನೆ" ಎಂದಳು. ಮುದುಡಿ ಕೂತೆ. ಒಂದು ಬಿಸಿ ಪಾತ್ರೆ ನನ್ನ ಮಡಿಲಿಗೂ ಬಂತು. ಆಟೋದವನು ಏರಿನಲ್ಲಿ ತಪ್ಪು ಗೇರಿನಲ್ಲಿ ಎಳೆದ. ಇಂಜಿನ್ ಗುದ್ದಾಡಿತು.

ಸುಮತಿ ಮುಂದಕ್ಕೆ ಬಾಗಿ, "ಗೇರು ಇಳಿಸು ಮಾರಾಯ" ಎಂದಳು. ಅವನು ಹಿಂತಿರುಗಿ ನೋಡಿ, "ನಿಮ್ಗೆ ಓಡಿಸ್ಲಿಕ್ಕೆ ಬರ್ತದಾ ಅಕ್ಕ?" ಎಂದು ನಕ್ಕ.

"ಬರ್ತದೆ" ಎಂದಳು ಸುಮತಿ. "ಗಾಡಿ ಇಲ್ಲ."

ಅವನು ಗೇರು ಇಳಿಸಿದ. ಆಟೋ ಏರು ಹತ್ತಿತು.